ಗೊತ್ತಿದೆ ಅಂದುಕೊಂಡ ವೈದ್ಯಕೀಯ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ದನೆಯ, ನಾಲಿಗೆ ತೊಡರುವ ವೈದ್ಯಕೀಯ ಪದಗಳಿಂದ ಅಂಥ ತೊಂದರೆಯೇನಿಲ್ಲ. ಗೊತ್ತಿಲ್ಲ ಅನ್ನುವುದು ಗೊತ್ತಿರುತ್ತದೆ, ಕೇಳಿ ತಿಳಿದುಕೊಳ್ಳುತ್ತೇವೆ. ನಾವು ಎಡವುವುದು ದಿನಾ ಕಿವಿಗೆ ಬೀಳುವ ಪದಗಳಲ್ಲಿ: ಸೋಂಕು, ಅಲರ್ಜಿ, ನಾರ್ಮಲ್, ಪಾಸಿಟಿವ್, ಹಾರ್ಟ್ ಅಟ್ಯಾಕ್. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಕೆಲವೊಮ್ಮೆ ಮಾತ್ರ ಬೇಡದ ಮಾತ್ರೆ ಹೊಟ್ಟೆಗೆ ಹೋಗುತ್ತದೆ, ಇಲ್ಲವೇ ಬೇಕಾದ ಔಷಧ ಸಿಗದೇ ಹೋಗುತ್ತದೆ. ಅದಕ್ಕೇ ಇಲ್ಲಿರುವ ಹೆಚ್ಚಿನ ಪ್ರಶ್ನೆಗಳು ಒಂದರ ಜೊತೆ ಒಂದು ಕಲಸಿಹೋಗುವ ಪದಗಳ ಬಗ್ಗೆ. ಇವು ಪದಗಳ ವಿವರಣೆ ಮಾತ್ರ. ನಿಮ್ಮ ಕಾಯಿಲೆಗೆ ಏನು ಮಾಡಬೇಕು ಅಂತ ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

ಬ್ಯಾಕ್ಟೀರಿಯಾ, ವೈರಸ್ ಎರಡೂ ಕ್ರಿಮಿಗಳೇ ಅಲ್ವಾ? ವ್ಯತ್ಯಾಸ ಯಾಕೆ ಮುಖ್ಯ?

ಎರಡೂ ಕಣ್ಣಿಗೆ ಕಾಣುವುದಿಲ್ಲ, ಎರಡೂ ಕಾಯಿಲೆ ತರಬಲ್ಲವು. ಹೋಲಿಕೆ ಅಲ್ಲಿಗೆ ಮುಗಿಯಿತು. ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ. ಅದು ತಾನೇ ಆಹಾರ ಬಳಸಿಕೊಳ್ಳುತ್ತದೆ, ತಾನೇ ಎರಡಾಗಿ ಒಡೆದು ಹೆಚ್ಚುತ್ತದೆ. ಸಾಮಾನ್ಯವಾಗಿ ಒಂದರಿಂದ ಕೆಲವು ಮೈಕ್ರೋಮೀಟರ್ ಉದ್ದ ಇರುತ್ತದೆ. ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವೈರಸ್ ಅದಕ್ಕಿಂತ ತುಂಬಾ ಚಿಕ್ಕದು, ಹೆಚ್ಚಿನವು 20ರಿಂದ 300 ನ್ಯಾನೋಮೀಟರ್ ಒಳಗೆ. ಒಂದು ನ್ಯಾನೋಮೀಟರ್ ಅಂದರೆ ಮೈಕ್ರೋಮೀಟರಿನ ಸಾವಿರದ ಒಂದು ಭಾಗ. ಪ್ರೋಟೀನಿನ ಕವಚದೊಳಗೆ ಆನುವಂಶಿಕ ಸೂಚನೆ ಹೊತ್ತ ಒಂದಿಷ್ಟು ಡಿಎನ್‌ಎ ಅಥವಾ ಆರ್‌ಎನ್‌ಎ, ಅದೇ ವೈರಸ್. ಅದಕ್ಕೆ ಸ್ವಂತ ಬದುಕಿಲ್ಲ. ಇನ್ನೊಂದು ಜೀವಕೋಶದ ಒಳಹೊಕ್ಕು, ಆ ಕೋಶದಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ಜೀವಿ ಅನ್ನಬೇಕೋ ಬೇಡವೋ ಅಂತ ಜೀವಶಾಸ್ತ್ರಜ್ಞರೇ ಇನ್ನೂ ಜಗಳ ಬಿಟ್ಟಿಲ್ಲ.

ಈ ವ್ಯತ್ಯಾಸ ಔಷಧದ ವಿಷಯಕ್ಕೆ ಬಂದಾಗ ಕೆಲಸಕ್ಕೆ ಬರುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್, ಬ್ಯಾಕ್ಟೀರಿಯಾ ತನ್ನ ಸುತ್ತ ಕೋಶಭಿತ್ತಿ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಬೇರೆ ಆಂಟಿಬಯಾಟಿಕ್‌ಗಳೂ ಹೀಗೆಯೇ ಬ್ಯಾಕ್ಟೀರಿಯಾದ ಯಾವುದಾದರೊಂದು ಭಾಗಕ್ಕೆ ಗುರಿ ಇಡುತ್ತವೆ. ವೈರಸ್‌ಗೆ ಕೋಶಭಿತ್ತಿಯೇ ಇಲ್ಲ, ಆ ಭಾಗಗಳೂ ಇಲ್ಲ. ಹಾಗಾಗಿ ನೆಗಡಿಗೆ, ಫ್ಲೂಗೆ ಆಂಟಿಬಯಾಟಿಕ್ ತೆಗೆದುಕೊಂಡರೆ ವೈರಸ್‌ಗೆ ಏನೂ ಆಗುವುದಿಲ್ಲ. ನಮ್ಮ ಕರುಳಲ್ಲಿ ತಮ್ಮ ಪಾಡಿಗೆ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಮಾತ್ರ ಸುಮ್ನೆ ಸಾಯುತ್ತವೆ.

ಅಂದಹಾಗೆ, ಮಲೇರಿಯಾ ಈ ಎರಡೂ ಗುಂಪಿಗೆ ಸೇರಿಲ್ಲ. ಅದು ಪ್ಲಾಸ್ಮೋಡಿಯಂ ಅನ್ನುವ ಪರಾವಲಂಬಿಯಿಂದ ಬರುತ್ತದೆ.

ಆಂಟಿಬಯಾಟಿಕ್ ರೆಸಿಸ್ಟೆನ್ಸ್ ಅಂದರೆ ನನ್ನ ಮೈ ಔಷಧಕ್ಕೆ ಒಗ್ಗಿಹೋಗಿದೆ ಅಂತಲಾ?

ಅಲ್ಲ. ಒಗ್ಗಿಕೊಳ್ಳುವುದು ಬ್ಯಾಕ್ಟೀರಿಯಾ, ನೀವಲ್ಲ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಡಿಎನ್‌ಎ ಬದಲಾವಣೆಯಿಂದ ಔಷಧ ತಡೆದುಕೊಳ್ಳುವ ಗುಣ ಬಂದಿರುತ್ತದೆ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಇವು ಉಳಿದು ಬೆಳೆಯುತ್ತವೆ. ಆ ಗುಣದ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುವ ತಾಕತ್ತೂ ಅವಕ್ಕೆ ಇದೆ. ಅದಕ್ಕೇ ಜೀವನದಲ್ಲಿ ಒಮ್ಮೆಯೂ ಆಂಟಿಬಯಾಟಿಕ್ ಮುಟ್ಟದವರಿಗೂ ಔಷಧಕ್ಕೆ ಬಗ್ಗದ ಸೋಂಕು ತಗುಲಬಹುದು. "ನಾನು ಮಾತ್ರೆ ಜಾಸ್ತಿ ತಗೊಳ್ಳೋದಿಲ್ಲ, ನನಗೇನೂ ಆಗಲ್ಲ" ಅನ್ನುವ ಧೈರ್ಯಕ್ಕೆ ಆಧಾರ ಇಲ್ಲ.

ಸೋಂಕು ಮತ್ತು ಉರಿಯೂತ ಒಂದೇನಾ?

ಸೋಂಕು ಅಂದರೆ ಹೊರಗಿನ ಜೀವಿ ಮೈಯೊಳಗೆ ಹೊಕ್ಕು ಬೆಳೆಯುವುದು. ಉರಿಯೂತ ಅಂದರೆ ಪೆಟ್ಟು, ಸೋಂಕು, ಸುಟ್ಟಗಾಯ, ಏನೇ ಆದರೂ ಮೈ ಕೊಡುವ ಉತ್ತರ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು: ಈ ನಾಲ್ಕು ಗುರುತುಗಳನ್ನು ರೋಮನ್ ಲೇಖಕ ಸೆಲ್ಸಸ್ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಪೆಟ್ಟಾದ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ನಾಳಗಳಿಂದ ದ್ರವ ಜಿನುಗುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಅದರ ಪರಿಣಾಮವೇ ಈ ನಾಲ್ಕೂ.

ಸೋಂಕಿದ್ದರೆ ಸಾಮಾನ್ಯವಾಗಿ ಉರಿಯೂತ ಇರುತ್ತದೆ. ಉರಿಯೂತ ಇದ್ದಲ್ಲೆಲ್ಲ ಸೋಂಕು ಇರಬೇಕಿಲ್ಲ. ಕಾಲು ಉಳುಕಿದಾಗ ಊದಿಕೊಳ್ಳುವುದಕ್ಕೆ ಯಾವ ಕ್ರಿಮಿಯೂ ಕಾರಣವಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ಬೀಳುತ್ತದೆ. ಇಂಥವಕ್ಕೆ ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ. ಅಲ್ಲಿ ಆಂಟಿಬಯಾಟಿಕ್‌ಗೆ ಕೆಲಸವಿಲ್ಲ, ರಕ್ಷಣಾ ವ್ಯವಸ್ಥೆಯನ್ನೇ ತಗ್ಗಿಸುವ ಔಷಧ ಬೇಕು. ಬ್ಯಾಕ್ಟೀರಿಯಾ ಸೋಂಕಿರುವವರಿಗೆ ಅದೇ ಔಷಧ ಕೊಟ್ಟರೆ ಕಥೆ ಕೆಡುತ್ತದೆ. ಪದ ಬದಲಾದರೆ ಚಿಕಿತ್ಸೆ ತಲೆಕೆಳಗಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಸೋಂಕು ರೋಗ ಅಂದರೆ ಅಂಟುರೋಗವೇ?

ಎಲ್ಲವೂ ಅಲ್ಲ. ಧನುರ್ವಾಯು ಬ್ಯಾಕ್ಟೀರಿಯಾದಿಂದ ಬರುವ ಸೋಂಕು ರೋಗ. ಆದರೆ ರೋಗಿಯ ಪಕ್ಕ ಕುಳಿತರೆ, ಮುಟ್ಟಿದರೆ ಬರುವುದಿಲ್ಲ. ಮಣ್ಣಿನಲ್ಲಿರುವ ಬೀಜಾಣು ಗಾಯದೊಳಗೆ ಹೋದರೆ ಬರುತ್ತದೆ. ಇನ್ನೊಂದು ಕೊನೆಯಲ್ಲಿ ದಡಾರ ಇದೆ. ಲಸಿಕೆ ಇಲ್ಲದವರ ನಡುವೆ ಒಬ್ಬ ದಡಾರ ರೋಗಿ ಸರಾಸರಿ 12ರಿಂದ 18 ಜನರಿಗೆ ಅಂಟಿಸಬಲ್ಲ.

ಆಂಟಿಜೆನ್, ಆಂಟಿಬಾಡಿ, ಲಸಿಕೆ: ಮೂರನ್ನೂ ಬಿಡಿಸಿ ಹೇಳಿ.

ರಕ್ಷಣಾ ವ್ಯವಸ್ಥೆ ಯಾವುದನ್ನು ಗುರುತಿಸಿ ಎಚ್ಚರಗೊಳ್ಳುತ್ತದೋ ಅದು ಆಂಟಿಜೆನ್. ವೈರಸ್ ಮೈಮೇಲಿನ ಒಂದು ಪ್ರೋಟೀನ್ ತುಣುಕು ಆಗಿರಬಹುದು, ಪರಾಗದ ಕಣ ಆಗಿರಬಹುದು. ಅದಕ್ಕೆ ಅಂಟಿಕೊಳ್ಳಲೆಂದು ನಮ್ಮ ಬಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಕಡೆಯಿಂದ ತಯಾರಾಗುವ ಪ್ರೋಟೀನ್ ಆಂಟಿಬಾಡಿ, ಅಂದರೆ ಪ್ರತಿಕಾಯ. ಆಂಟಿಜೆನ್ ಟೆಸ್ಟ್ "ಕ್ರಿಮಿ ಈಗ ಮೈಯಲ್ಲಿದೆಯಾ?" ಅಂತ ಹುಡುಕುತ್ತದೆ. ಆಂಟಿಬಾಡಿ ಟೆಸ್ಟ್ "ಮೈ ಈ ಕ್ರಿಮಿಗೆ ಉತ್ತರ ಕೊಟ್ಟಿದೆಯಾ?" ಅಂತ ನೋಡುತ್ತದೆ. ಎರಡನೆಯದು ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ಇವತ್ತೂ ಇದೆ ಅಂತಲ್ಲ. ಹಿಂದೆ ಬಂದು ಹೋಗಿರಬಹುದು, ಲಸಿಕೆಯಿಂದಲೂ ಇರಬಹುದು.

ಲಸಿಕೆ ಅಂದರೆ ಕಾಯಿಲೆ ಬರಿಸದೆಯೇ ಆಂಟಿಜೆನ್ನಿನ ಪರಿಚಯ ಮಾಡಿಸುವುದು. ಮುಂದೆ ನಿಜವಾದ ಕ್ರಿಮಿ ಬಂದಾಗ ಮೈ ತಡಮಾಡದೆ ಎದುರಿಸುತ್ತದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ದನಗಳ ಸಿಡುಬಿನ ಕೀವನ್ನು ಒಬ್ಬ ಹುಡುಗನಿಗೆ ಚುಚ್ಚಿ ಸಿಡುಬಿನಿಂದ ರಕ್ಷಣೆ ಸಿಗುತ್ತದೆ ಅಂತ ತೋರಿಸಿದರು. ಆ ದಾರಿ 1980ಕ್ಕೆ ಬಂದು ಮುಟ್ಟಿತು. ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು ಆ ವರ್ಷ. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಕಾಣಿಸಿಕೊಂಡಿದ್ದು 1977ರಲ್ಲಿ, ಸೊಮಾಲಿಯಾದಲ್ಲಿ.

ಹರ್ಡ್ ಇಮ್ಯುನಿಟಿ ಅಂದರೆ, ಸಾಕಷ್ಟು ಜನರಿಗೆ ರಕ್ಷಣೆ ಇದ್ದಾಗ ಕಾಯಿಲೆಗೆ ಹರಡಲು ದಾರಿ ಸಿಗದೆ ರಕ್ಷಣೆ ಇಲ್ಲದವರೂ ಬಚಾವಾಗುವುದು. ದಡಾರ ಅಷ್ಟು ಜೋರಾಗಿ ಅಂಟುವುದರಿಂದ ಸುಮಾರು 95% ಜನರಿಗೆ ಲಸಿಕೆ ಆಗಿರಬೇಕು. ಧನುರ್ವಾಯು ವಿಷಯದಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ. ಅದು ಜನರಿಂದ ಜನರಿಗೆ ಹರಡುವುದಿಲ್ಲವಲ್ಲ. ಪಕ್ಕದವರೆಲ್ಲ ಚುಚ್ಚಿಸಿಕೊಂಡಿದ್ದರೂ ನಿಮಗೆ ನಿಮ್ಮ ಲಸಿಕೆಯೇ ಬೇಕು.

ಎಂಡೆಮಿಕ್, ಎಪಿಡೆಮಿಕ್, ಪ್ಯಾಂಡೆಮಿಕ್?

ಒಂದು ಪ್ರದೇಶದಲ್ಲಿ ಯಾವಾಗಲೂ ಇರುವ ಕಾಯಿಲೆ ಎಂಡೆಮಿಕ್. ಇರಬೇಕಾದ್ದಕ್ಕಿಂತ ಇದ್ದಕ್ಕಿದ್ದಂತೆ ಜಾಸ್ತಿ ಆದರೆ ಎಪಿಡೆಮಿಕ್. ದೇಶ, ಖಂಡ ದಾಟಿ ಹಬ್ಬಿದರೆ ಪ್ಯಾಂಡೆಮಿಕ್. ಕೋವಿಡ್ ಪ್ಯಾಂಡೆಮಿಕ್ ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರ ಮಾರ್ಚ್ 11ರಂದು. ಎಂಡೆಮಿಕ್ ಅಂದರೆ ಸೌಮ್ಯ ಅಂತ ಅರ್ಥವಲ್ಲ. ಆಫ್ರಿಕಾದ ಹಲವು ಭಾಗಗಳಲ್ಲಿ ಮಲೇರಿಯಾ ಎಂಡೆಮಿಕ್, ಅಲ್ಲಿ ಮಕ್ಕಳು ಅದರಿಂದ ಇವತ್ತಿಗೂ ಸಾಯುತ್ತಿದ್ದಾರೆ.

ಕಾಮಾಲೆ, ರಕ್ತಹೀನತೆ, ಜ್ವರ ಇವೆಲ್ಲ ಕಾಯಿಲೆಗಳೇ ತಾನೇ?

ಕಾಯಿಲೆಯ ಗುರುತುಗಳು ಅನ್ನುವುದು ಹೆಚ್ಚು ಸರಿ. ಕಾಮಾಲೆಯನ್ನೇ ನೋಡಿ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಆಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಹೊರಗೆ ಸಾಗಿಸುತ್ತದೆ. ಕಣಗಳು ವಿಪರೀತವಾಗಿ ಒಡೆದರೂ, ಲಿವರ್ ಸೋತರೂ, ಪಿತ್ತನಾಳದಲ್ಲಿ ಕಲ್ಲು ಅಡ್ಡ ಬಂದರೂ ಬಿಲಿರುಬಿನ್ ರಕ್ತದಲ್ಲಿ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. "ಕಾಮಾಲೆಗೆ ಔಷಧ" ಅಂತ ಒಂದೇ ಔಷಧ ಕೊಡುವವರು ಯಾವ ಕಾಮಾಲೆಗೆ ಕೊಡುತ್ತಿದ್ದಾರೆ ಅಂತ ಕೇಳಬೇಕಾಗುತ್ತದೆ.

ಇದೇ ಜಾಗದಲ್ಲಿ ಇನ್ನೆರಡು ಪದ ಬರುತ್ತವೆ. ರೋಗಿಗೆ ಮಾತ್ರ ಗೊತ್ತಾಗುವುದು ಸಿಂಪ್ಟಮ್: ನೋವು, ವಾಕರಿಕೆ, ಸುಸ್ತು. ಬೇರೆಯವರು ನೋಡಿ, ಅಳೆದು ತಿಳಿಯಬಹುದಾದ್ದು ಸೈನ್: ಹಳದಿ ಕಣ್ಣು, 38 ಡಿಗ್ರಿ ಸೆಲ್ಸಿಯಸ್ ಜ್ವರ, ಊತ. ಒಟ್ಟೊಟ್ಟಿಗೆ ಕಾಣಿಸುವ ಇಂಥ ಗುರುತುಗಳ ಗುಂಪಿಗೆ ಸಿಂಡ್ರೋಮ್ ಅನ್ನುತ್ತಾರೆ. ಸಿಂಡ್ರೋಮ್‌ಗೆ ಕಾರಣ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ರಿಪೋರ್ಟ್‌ನಲ್ಲಿ ಇಡಿಯೋಪಥಿಕ್ ಅಂತ ಬರೆದಿದ್ದರೆ ಹೆದರಬೇಡಿ. "ಕಾರಣ ತಿಳಿದಿಲ್ಲ" ಅನ್ನುವುದನ್ನು ಗಂಭೀರವಾಗಿ ಹೇಳುವ ರೀತಿ ಅದು.

ಅಕ್ಯೂಟ್ ಅಂದರೆ ಜೋರು, ಕ್ರಾನಿಕ್ ಅಂದರೆ ಗುಣವಾಗದ್ದು ಅಂತಲ್ವಾ?

ಎರಡೂ ಸಮಯದ ಮಾತು, ತೀವ್ರತೆಯದಲ್ಲ. ಬೇಗ ಶುರುವಾಗಿ ಕಡಿಮೆ ಕಾಲ ಇರುವುದು ಅಕ್ಯೂಟ್. ಮೂರು ದಿನದ ನೆಗಡಿಯೂ ಅಕ್ಯೂಟೇ, ಹೃದಯಾಘಾತವೂ ಅಕ್ಯೂಟೇ. ತಿಂಗಳು, ವರ್ಷಗಟ್ಟಲೆ ಇರುವುದು ಕ್ರಾನಿಕ್. ಕ್ರಾನಿಕ್ ಆದದ್ದೆಲ್ಲ ಗುಣವಾಗದ್ದಲ್ಲ. ಲಿವರ್‌ಗೆ ತಗುಲುವ ಹೆಪಟೈಟಿಸ್ ಸಿ ವೈರಸ್‌ನ ಕ್ರಾನಿಕ್ ಸೋಂಕನ್ನು ಈಗ ಕೆಲವು ವಾರಗಳ ಮಾತ್ರೆಯಿಂದ ಹೆಚ್ಚಿನವರಲ್ಲಿ ಪೂರ್ತಿ ತೆಗೆಯಬಹುದು.

ಡಿಎನ್‌ಎ, ಜೀನ್, ವರ್ಣತಂತು: ಯಾವುದರೊಳಗೆ ಯಾವುದು?

ಡಿಎನ್‌ಎ ಅನ್ನುವುದು ವಸ್ತು. ನಾಲ್ಕು ಬಗೆಯ ಘಟಕಗಳು ಸಾಲಾಗಿ ಜೋಡಣೆಯಾದ ಉದ್ದನೆಯ ಎಳೆ. ಎರಡು ಎಳೆಗಳು ಸುರುಳಿಯಾಗಿ ಹೆಣೆದುಕೊಂಡಿರುತ್ತವೆ. ಜೇಮ್ಸ್ ವಾಟ್ಸನ್, ಫ್ರಾನ್ಸಿಸ್ ಕ್ರಿಕ್ ಈ ರಚನೆಯನ್ನು 1953ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದ ಮುಖ್ಯ ಎಕ್ಸ್‌ರೇ ಚಿತ್ರ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಕೆಲಸದಿಂದ ಬಂದಿತ್ತು. ಆ ಮನ್ನಣೆ ಅವರಿಗೆ ಸರಿಯಾಗಿ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಈ ಎಳೆಯ ಒಂದು ತುಂಡು, ಒಂದು ನಿರ್ದಿಷ್ಟ ಕೆಲಸಕ್ಕೆ ಸೂಚನೆ ಇಟ್ಟುಕೊಂಡಿದ್ದರೆ ಅದು ಜೀನ್. ಹೆಚ್ಚಾಗಿ ಒಂದು ಪ್ರೋಟೀನ್ ಮಾಡುವ ಸೂಚನೆ. ಮನುಷ್ಯರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಇಡೀ ಎಳೆಯಲ್ಲಿ ಪ್ರೋಟೀನಿನ ಸೂಚನೆ ಇರುವ ಭಾಗ 2%ಗಿಂತ ಕಡಿಮೆ. ಉಳಿದದ್ದರಲ್ಲಿ ಒಂದಷ್ಟು ಭಾಗ ಜೀನ್‌ಗಳನ್ನು ಯಾವಾಗ, ಎಲ್ಲಿ ಚಾಲೂ ಮಾಡಬೇಕು ಅನ್ನುವುದನ್ನು ನಿಯಂತ್ರಿಸುತ್ತದೆ.

ಒಂದು ಕೋಶದ ಡಿಎನ್‌ಎ ಎಲ್ಲವನ್ನೂ ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಅಷ್ಟನ್ನೂ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಹಿಡಿಸಬೇಕು. ಪ್ರೋಟೀನಿನ ಸುತ್ತ ಸುತ್ತಿ, ಮಡಚಿ ಇಟ್ಟ ಆ ಒಂದೊಂದು ಕಟ್ಟೇ ವರ್ಣತಂತು, ಅಂದರೆ ಕ್ರೋಮೋಸೋಮ್. ನಮ್ಮಲ್ಲಿ 46 ಇವೆ, 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಇದಲ್ಲದೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದೊಳಗೆ 37 ಜೀನ್‌ಗಳ ಪುಟ್ಟ ಡಿಎನ್‌ಎ ಬೇರೆ ಇದೆ. ಅದು ಅಮ್ಮನಿಂದ ಬರುತ್ತದೆ. ಪಕ್ವವಾದ ಕೆಂಪು ರಕ್ತಕಣದಲ್ಲಿ ಮಾತ್ರ ಇವ್ಯಾವುದೂ ಇಲ್ಲ. ಅದು ಕೋಶಕೇಂದ್ರವನ್ನೇ ಹೊರಹಾಕಿ ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಂಡಿರುತ್ತದೆ.

ಹುಟ್ಟಿನಿಂದ ಬಂದ ಕಾಯಿಲೆ ಅಂದರೆ ವಂಶದಿಂದ ಬಂದದ್ದೇ ಅಲ್ವಾ?

ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕಿ ಎಷ್ಟೋ ಮನೆಗಳಲ್ಲಿ ಜಗಳ ಆಗಿದೆ, ಅದೂ ಬಹುಪಾಲು ತಾಯಂದಿರ ತಲೆಗೆ ಕಟ್ಟಲಾಗಿದೆ. ಮೂರು ಪದಗಳನ್ನು ಬೇರೆ ಇಡಿ.

ಕಂಜೆನೈಟಲ್ ಅಂದರೆ ಹುಟ್ಟುವಾಗಲೇ ಇರುವುದು, ಕಾರಣ ಏನೇ ಇರಲಿ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಅನ್ನುವ ವೈರಸ್ ಸೋಂಕು ಬಂದರೆ ಮಗು ಕಣ್ಣಿನ ಪೊರೆಯೊಂದಿಗೆ ಹುಟ್ಟಬಹುದು. ಈ ನಂಟನ್ನು 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಗುರುತಿಸಿದರು. ಅದು ಕಂಜೆನೈಟಲ್, ಆದರೆ ಜೀನಿಗೂ ವಂಶಕ್ಕೂ ಸಂಬಂಧವಿಲ್ಲ.

ಜೆನೆಟಿಕ್ ಅಂದರೆ ಜೀನ್ ಅಥವಾ ವರ್ಣತಂತುವಿನ ಬದಲಾವಣೆಯಿಂದ ಬಂದದ್ದು. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುವ ಬದಲಾವಣೆ. ತಂದೆತಾಯಿಯ ವರ್ಣತಂತುಗಳು ಸರಿಯಾಗಿಯೇ ಇರುತ್ತವೆ. ಅಂದರೆ ಜೆನೆಟಿಕ್ ಹೌದು, ವಂಶದಲ್ಲಿ ಹರಿದು ಬಂದದ್ದಲ್ಲ.

ಹೆರಿಡಿಟರಿ ಅಂದರೆ ತಂದೆತಾಯಿಯಿಂದ ದಾಟಿ ಬಂದದ್ದು. ಹಂಟಿಂಗ್‌ಟನ್ ಕಾಯಿಲೆ (ಮೆದುಳಿನ ನರಕೋಶಗಳು ನಿಧಾನಕ್ಕೆ ಹಾಳಾಗುವಂಥದ್ದು) ವಂಶದ್ದು. ಆದರೆ ಮಗು ಆರೋಗ್ಯವಾಗಿ ಹುಟ್ಟಿ ಬೆಳೆಯುತ್ತದೆ. ಗುರುತುಗಳು ಸಾಮಾನ್ಯವಾಗಿ ಕಾಣಿಸುವುದು 30ರಿಂದ 50ರ ವಯಸ್ಸಿನಲ್ಲಿ.

ಮ್ಯುಟೇಶನ್ ಅಂದರೆ ಕೆಟ್ಟದ್ದೇ?

ಡಿಎನ್‌ಎ ಸಾಲಿನಲ್ಲಿ ಆಗುವ ಬದಲಾವಣೆ, ಅಷ್ಟೇ. ಬಹುಪಾಲು ಬದಲಾವಣೆಗಳಿಂದ ಏನೂ ಆಗುವುದಿಲ್ಲ. ಕೆಲವು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತವೆ. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ (ಅಂದರೆ ಘಟಕ) ಬದಲಾಗಿ ಅದರ ಎರಡು ಪ್ರತಿ ಸಿಕ್ಕರೆ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ. ಒಂದೇ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ. ಮಲೇರಿಯಾ ಇದ್ದ ಪ್ರದೇಶಗಳಲ್ಲಿ ಈ ಬದಲಾವಣೆ ಉಳಿದು ಬಂದದ್ದು ಅದಕ್ಕೇ.

ಹಾರ್ಮೋನ್‌ಗೂ ಎಂಜೈಮ್‌ಗೂ ವ್ಯತ್ಯಾಸ?

ಹಾರ್ಮೋನ್ ಸುದ್ದಿ ಒಯ್ಯುತ್ತದೆ. ಒಂದು ಕಡೆ ಹುಟ್ಟಿ, ರಕ್ತದಲ್ಲಿ ಸಾಗಿ, ಇನ್ನೊಂದು ಕಡೆ ಕೆಲಸ ಮಾಡಿಸುತ್ತದೆ. ಎಂಜೈಮ್ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಒಡೆಯುವ ಎಂಜೈಮ್. ಮೇದೋಜೀರಕ ಗ್ರಂಥಿ ಎರಡನ್ನೂ ಮಾಡುತ್ತದೆ: ಜೀರ್ಣಕ್ಕೆ ಎಂಜೈಮ್‌ಗಳು, ರಕ್ತದ ಸಕ್ಕರೆ ಹತೋಟಿಗೆ ಇನ್ಸುಲಿನ್ ಹಾರ್ಮೋನ್. ಇನ್ಸುಲಿನ್ ಬೇರ್ಪಡಿಸಲು ಹೊರಟವರಿಗೆ ಇದೇ ತಲೆನೋವಾಗಿತ್ತು. ಗ್ರಂಥಿಯನ್ನು ಅರೆದರೆ ಎಂಜೈಮ್‌ಗಳು ಇನ್ಸುಲಿನ್ನನ್ನೇ ಜೀರ್ಣಿಸಿಬಿಡಬಹುದಲ್ಲ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಸಂಗಡಿಗರು ದಾರಿ ಕಂಡುಕೊಂಡರು. 1922ರ ಜನವರಿಯಲ್ಲಿ ಮೊದಲ ರೋಗಿಗೆ ಇಂಜೆಕ್ಷನ್ ಕೊಟ್ಟರು.

ಗಡ್ಡೆ ಅಂದರೆ ಕ್ಯಾನ್ಸರಾ? ಸ್ಟೇಜ್, ಗ್ರೇಡ್ ಅಂದರೇನು?

ಕೋಶಗಳು ಹದ್ದು ಮೀರಿ ಬೆಳೆದು ಆದದ್ದು ಗಡ್ಡೆ, ಅಂದರೆ ಟ್ಯೂಮರ್. ಇದ್ದಲ್ಲೇ ಇರುವುದು ಬಿನೈನ್. ಪಕ್ಕದ ಅಂಗಾಂಶಕ್ಕೆ ನುಗ್ಗುವುದು, ರಕ್ತ ಅಥವಾ ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ದೂರಕ್ಕೂ ಹರಡಬಲ್ಲದ್ದು ಮ್ಯಾಲಿಗ್ನೆಂಟ್. ಕ್ಯಾನ್ಸರ್ ಅನ್ನುವುದು ಎರಡನೆಯದಕ್ಕೆ. ಗಡ್ಡೆಯೇ ಕಟ್ಟದ ಕ್ಯಾನ್ಸರ್ ಕೂಡ ಇದೆ, ರಕ್ತದ ಕ್ಯಾನ್ಸರ್ ಲ್ಯುಕೇಮಿಯಾ. ಇನ್ನು ಬಿನೈನ್ ಅಂದ ಕೂಡಲೇ ನಿಶ್ಚಿಂತೆ ಅಂತಲೂ ಅಲ್ಲ. ತಲೆಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲ. ಅಲ್ಲಿ ಬಿನೈನ್ ಗಡ್ಡೆಯೂ ಮೆದುಳನ್ನು ಒತ್ತಿ ಪ್ರಾಣಕ್ಕೆ ಕುತ್ತು ತರಬಹುದು.

ಸ್ಟೇಜ್ ಅಂದರೆ ಎಷ್ಟು ದೊಡ್ಡದಾಗಿದೆ, ಎಲ್ಲಿಯವರೆಗೆ ಹರಡಿದೆ ಅನ್ನುವ ಲೆಕ್ಕ. ಗ್ರೇಡ್ ಅಂದರೆ ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಮಾಮೂಲಿ ಕೋಶಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ ಅನ್ನುವುದು. ಗ್ರೇಡ್ 3 ಅಂತ ಓದಿ ಸ್ಟೇಜ್ 3 ಅಂತ ಎದೆ ಒಡೆದುಕೊಳ್ಳುವವರು ತುಂಬಾ ಜನ. ಚಿಕ್ಕದಾಗಿರುವ, ಹರಡದಿರುವ ಗಡ್ಡೆಗೂ ಗ್ರೇಡ್ 3 ಇರಬಹುದು.

ಹರಡಿದ ಕ್ಯಾನ್ಸರ್ ತನ್ನ ಮೂಲದ ಹೆಸರನ್ನು ಬಿಡುವುದಿಲ್ಲ. ಸ್ತನದ ಕ್ಯಾನ್ಸರ್ ಲಿವರ್‌ಗೆ ಹೋದರೆ ಅದು ಲಿವರ್ ಕ್ಯಾನ್ಸರ್ ಅಲ್ಲ, ಲಿವರ್‌ಗೆ ಹರಡಿದ ಸ್ತನದ ಕ್ಯಾನ್ಸರ್. ಕೋಶಗಳು ಸ್ತನದವೇ ಆದ್ದರಿಂದ ಔಷಧವನ್ನೂ ಅವನ್ನು ನೋಡಿಯೇ ಕೊಡುತ್ತಾರೆ. ರೆಮಿಷನ್ ಅಂದರೆ ಗುರುತುಗಳು ಕಡಿಮೆಯಾಗಿವೆ ಅಥವಾ ಕಾಣುತ್ತಿಲ್ಲ. "ಇನ್ನೆಂದೂ ಬರುವುದಿಲ್ಲ" ಅನ್ನುವ ಮಾತು ಅದರಲ್ಲಿ ಇಲ್ಲ.

"ಮೀಡಿಯನ್ ಸರ್ವೈವಲ್ 8 ತಿಂಗಳು" ಅಂದರೆ 8 ತಿಂಗಳು ಮಾತ್ರ ಉಳಿದಿದೆ ಅಂತಲಾ?

ಆ ಗುಂಪಿನ ಅರ್ಧ ಜನ 8 ತಿಂಗಳಿಗಿಂತ ಜಾಸ್ತಿ ಬದುಕಿದ್ದಾರೆ ಅಂತ ಅರ್ಥ. ಎಷ್ಟು ಜಾಸ್ತಿ ಅಂತ ಆ ಅಂಕಿ ಹೇಳುವುದೇ ಇಲ್ಲ. ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮಾ ಅನ್ನುವ ಕ್ಯಾನ್ಸರ್ ಪತ್ತೆಯಾದಾಗ ಪುಸ್ತಕಗಳಲ್ಲಿದ್ದ ಅಂಕಿ ಇದೇ, 8 ತಿಂಗಳು. ಅವರು ಇನ್ನೂ 20 ವರ್ಷ ಬದುಕಿದರು. ಕೊನೆಗೆ 2002ರಲ್ಲಿ ತೀರಿಕೊಂಡದ್ದು ಬೇರೆ ಕ್ಯಾನ್ಸರ್‌ನಿಂದ. ಎಲ್ಲರಿಗೂ ಹಾಗಾಗುವುದಿಲ್ಲ ನಿಜ. ಆದರೆ ಗುಂಪಿನ ಅಂಕಿಯನ್ನು ಒಬ್ಬರ ಗಡುವು ಅಂತ ಓದುವುದು ಲೆಕ್ಕದ ತಪ್ಪು.

ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್, ಹಾರ್ಟ್ ಫೇಲ್ಯೂರ್: ಮೂರೂ ಒಂದೇನಾ?

ಸುದ್ದಿಯಲ್ಲಿ ಮೂರನ್ನೂ ಒಂದರ ಬದಲು ಒಂದು ಬಳಸುತ್ತಾರೆ. ಆದರೆ ಮೂರೂ ಬೇರೆ.

ಹಾರ್ಟ್ ಅಟ್ಯಾಕ್, ಅಂದರೆ ಹೃದಯಾಘಾತದಲ್ಲಿ, ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳ ಕಟ್ಟಿಕೊಂಡು ಸ್ನಾಯು ಸಾಯಲು ಶುರುವಾಗುತ್ತದೆ. ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ. ರೋಗಿ ಮಾತಾಡುತ್ತಿರಬಹುದು, ನಡೆದುಕೊಂಡೇ ಆಸ್ಪತ್ರೆಗೆ ಬರಬಹುದು. "ಮಾತಾಡ್ತಿದ್ದಾರಲ್ಲ, ಅಟ್ಯಾಕ್ ಇರಲಿಕ್ಕಿಲ್ಲ" ಅನ್ನುವುದು ಅಪಾಯದ ಊಹೆ.

ಕಾರ್ಡಿಯಾಕ್ ಅರೆಸ್ಟ್ ಅಂದರೆ ಹೃದಯ ರಕ್ತ ತಳ್ಳುವುದೇ ನಿಂತುಹೋಗುವುದು. ಎಷ್ಟೋ ಸಲ ಹೃದಯದ ವಿದ್ಯುತ್ ಲಯ ಕೆಟ್ಟು ಹೀಗಾಗುತ್ತದೆ. ರೋಗಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ, ಸರಿಯಾಗಿ ಉಸಿರಾಡುವುದಿಲ್ಲ. ಆಗ ಪಕ್ಕದಲ್ಲಿದ್ದವರು ತುರ್ತು ಸಹಾಯಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಲು ಶುರುಮಾಡಬೇಕು. ದೊಡ್ಡವರಲ್ಲಿ ಒತ್ತುವ ಆಳ 5ರಿಂದ 6 ಸೆಂಟಿಮೀಟರ್. ಇದೇ ಸಿಪಿಆರ್. ಹೃದಯಾಘಾತದಿಂದ ಅರೆಸ್ಟ್ ಆಗಬಹುದು, ಬೇರೆ ಕಾರಣಗಳಿಂದಲೂ ಆಗಬಹುದು.

ಹಾರ್ಟ್ ಫೇಲ್ಯೂರ್ ಅನ್ನುವ ಹೆಸರು ಕೇಳಿದರೆ ಎಲ್ಲವೂ ಮುಗಿದಂತೆ ಅನ್ನಿಸುತ್ತದೆ. ನಿಜಕ್ಕೂ ಅದು ಹೃದಯ ಮೈಗೆ ಬೇಕಾದಷ್ಟು ರಕ್ತ ತಳ್ಳಲಾಗದ ಸ್ಥಿತಿ, ಹೆಚ್ಚಾಗಿ ನಿಧಾನಕ್ಕೆ ಬರುವಂಥದ್ದು. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು ಅದರ ಗುರುತುಗಳು. ಔಷಧ ತೆಗೆದುಕೊಂಡು ವರ್ಷಗಟ್ಟಲೆ ಬದುಕುವವರಿದ್ದಾರೆ.

ಸ್ಟ್ರೋಕ್ ಇವುಗಳಲ್ಲಿ ಸೇರುವುದಿಲ್ಲ. ಅದು ಮೆದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಆಗುವ ಪಾರ್ಶ್ವವಾಯು.

ರಿಪೋರ್ಟ್‌ನಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿದೆ, ನಾರ್ಮಲ್ ಮೀರಿದೆ. ಕಾಯಿಲೆ ಇದೆ ಅಂತಲಾ?

ಅಂಕಿಯ ಪಕ್ಕದಲ್ಲಿ ಬರೆದಿರುವ ವ್ಯಾಪ್ತಿ ಹೇಗೆ ಬರುತ್ತದೆ ನೋಡಿ. ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸುತ್ತಾರೆ. ಅವರಲ್ಲಿ ನಡುವಿನ 95% ಜನರ ಅಂಕಿಗಳನ್ನು ವ್ಯಾಪ್ತಿ ಅಂತ ಇಟ್ಟುಕೊಳ್ಳುತ್ತಾರೆ. ಅಂದರೆ ಉಳಿದ 5% ಆರೋಗ್ಯವಂತರು ಶುರುವಿನಲ್ಲೇ "ಅಬ್‌ನಾರ್ಮಲ್". ಒಬ್ಬ ಆರೋಗ್ಯವಂತ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಒಂದಾದರೂ ಗೆರೆ ದಾಟುವ ಸಾಧ್ಯತೆ ಸುಮಾರು 64%. ಪೂರ್ತಿ ಬಾಡಿ ಚೆಕಪ್ ಮಾಡಿಸಿದವರಲ್ಲಿ ಅಷ್ಟೊಂದು ಜನ ಚಿಂತೆ ಹೊತ್ತುಕೊಂಡು ಬರುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಗೆರೆಗಳೂ ಹೀಗೆ ಎಳೆದವಲ್ಲ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಅಂದಾಜು ಕೊಡುತ್ತದೆ. ಸಕ್ಕರೆ ಕಾಯಿಲೆ ಅನ್ನಲು ಇರುವ ಅದರ 6.5% ಗೆರೆಯನ್ನು ಎಳೆದದ್ದು ಆ ಮಟ್ಟದ ಆಸುಪಾಸಿನಿಂದ ಕಣ್ಣಿನ ರೆಟಿನಾಗೆ ಹಾನಿ ಹೆಚ್ಚಾಗುವುದನ್ನು ನೋಡಿ. ಬಿಪಿ ಗೆರೆಯೂ ಮುಂದಾಗುವ ಅಪಾಯದ ಮೇಲೆ ನಿಂತಿದೆ. ಅದಕ್ಕೇ ಅದು ಎಲ್ಲ ಕಡೆ ಒಂದೇ ಅಲ್ಲ. ಬಹಳಷ್ಟು ಕಡೆ 140/90 ದಾಟಿದರೆ ಅಧಿಕ ರಕ್ತದೊತ್ತಡ ಅನ್ನುತ್ತಾರೆ. ಅಮೆರಿಕದ ಹೃದ್ರೋಗ ಸಂಘಟನೆಗಳು 2017ರಲ್ಲಿ ಅದನ್ನು 130/80ಕ್ಕೆ ಇಳಿಸಿದವು. ಒಂದೇ ರಾತ್ರಿಯಲ್ಲಿ ಕೋಟ್ಯಂತರ ಜನ ಬಿಪಿ ರೋಗಿಗಳಾದರು, ಅವರ ಮೈಯಲ್ಲಿ ಏನೂ ಬದಲಾಗದೆ.

99% ಸರಿಯಾದ ಟೆಸ್ಟ್ ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ 99% ತಾನೇ?

ಇಲ್ಲ. ಡಾಕ್ಟರುಗಳೂ ಎಡವುವ ಜಾಗ ಇದು. ಸೆನ್ಸಿಟಿವಿಟಿ ಅಂದರೆ ಕಾಯಿಲೆ ಇದ್ದವರಲ್ಲಿ ಎಷ್ಟು ಜನರನ್ನು ಟೆಸ್ಟ್ ಹಿಡಿಯುತ್ತದೆ. ಸ್ಪೆಸಿಫಿಸಿಟಿ ಅಂದರೆ ಇಲ್ಲದವರಲ್ಲಿ ಎಷ್ಟು ಜನರಿಗೆ "ಇಲ್ಲ" ಅಂತ ಸರಿಯಾಗಿ ಹೇಳುತ್ತದೆ. ಮೊದಲನೆಯದು 99%, ಎರಡನೆಯದು 95% ಇರುವ ಟೆಸ್ಟ್ ಒಂದಿದೆ ಅಂತಿಟ್ಟುಕೊಳ್ಳಿ. ಕಾಯಿಲೆ ಸಾವಿರದಲ್ಲಿ ಒಬ್ಬರಿಗೆ ಇದೆ. ಸಾವಿರ ಜನರಿಗೆ ಟೆಸ್ಟ್ ಮಾಡಿದರೆ ಆ ಒಬ್ಬರು ಸಿಕ್ಕಿಬೀಳುತ್ತಾರೆ. ಉಳಿದ 999 ಜನರಲ್ಲಿ 5%, ಅಂದರೆ ಸುಮಾರು 50 ಮಂದಿ, ಸುಮ್ಮಸುಮ್ಮನೆ ಪಾಸಿಟಿವ್ ಬರುತ್ತಾರೆ. ಒಟ್ಟು 51 ಪಾಸಿಟಿವ್, ನಿಜವಾದ ರೋಗಿ ಒಬ್ಬರು. ಪಾಸಿಟಿವ್ ಬಂದವರಿಗೆ ಕಾಯಿಲೆ ಇರುವ ಸಾಧ್ಯತೆ ಸುಮಾರು 2%.

ಅದೇ ಟೆಸ್ಟನ್ನು ಗುರುತುಗಳು ಇರುವವರಿಗೆ ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಂಥವರಲ್ಲಿ ಅರ್ಧ ಜನರಿಗೆ ಕಾಯಿಲೆ ಇದ್ದರೆ, ಪಾಸಿಟಿವ್ ಬಂದವರಲ್ಲಿ 95%ಗೂ ಹೆಚ್ಚು ಮಂದಿ ನಿಜವಾದ ರೋಗಿಗಳು. "ನನಗೆ ಯಾಕೆ ಆ ಟೆಸ್ಟ್ ಬರೆದುಕೊಡಲಿಲ್ಲ?" ಅಂತ ಕೇಳುವ ಮುಂಚೆ ಈ ಲೆಕ್ಕ ನೆನಪಿರಲಿ.

"ಈ ಔಷಧ ಅಪಾಯವನ್ನು 50% ತಗ್ಗಿಸುತ್ತದೆ" ಅಂದರೆ?

ಯಾವುದರ 50% ಅಂತ ಮೊದಲು ಕೇಳಿ. ಔಷಧ ಇಲ್ಲದೆ ಸಾವಿರದಲ್ಲಿ 2 ಜನರಿಗೆ, ಔಷಧ ತಗೊಂಡರೆ ಸಾವಿರದಲ್ಲಿ ಒಬ್ಬರಿಗೆ ತೊಂದರೆ ಆಗುತ್ತದೆ ಅಂದುಕೊಳ್ಳಿ. ಇದು 50% ಇಳಿಕೆಯೇ. ಆದರೆ ಒಬ್ಬರಿಗೆ ಲಾಭವಾಗಲು 1000 ಜನ ಔಷಧ ನುಂಗಬೇಕು. 50% ಅನ್ನುವುದು ರಿಲೇಟಿವ್ ರಿಸ್ಕ್ ಇಳಿಕೆ, ಜಾಹೀರಾತಿನಲ್ಲಿ ಕಾಣುವುದು. ಸಾವಿರಕ್ಕೆ ಒಬ್ಬರು ಅನ್ನುವುದು ಅಬ್ಸಲ್ಯೂಟ್ ರಿಸ್ಕ್ ಇಳಿಕೆ, ನಿಮಗೆ ಬೇಕಾದ್ದು.

ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತದೆ. ನನಗೆ ಅದು ಅಲರ್ಜಿ ಅಂತ ಬರೆಸಬೇಕಾ?

ಹೊಟ್ಟೆ ತೊಳಸುವುದು, ಭೇದಿ, ತೂಕಡಿಕೆ ಸಾಮಾನ್ಯವಾಗಿ ಸೈಡ್ ಎಫೆಕ್ಟ್. ಅಲರ್ಜಿ ಅಂದರೆ ರಕ್ಷಣಾ ವ್ಯವಸ್ಥೆಯೇ ಔಷಧದ ಮೇಲೆ ತಿರುಗಿಬೀಳುವುದು: ಮೈಮೇಲೆ ದದ್ದು, ತುಟಿ ಮುಖ ಊದುವುದು, ಉಸಿರು ಕಟ್ಟುವುದು, ಬಿಪಿ ಕುಸಿಯುವುದು. ಕೊನೆಯ ಮೂರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪೆನಿಸಿಲಿನ್ ಅಲರ್ಜಿ ಇದೆ ಅಂತ ದಾಖಲಾದವರನ್ನು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಅಲರ್ಜಿ ಇರುವುದೇ ಇಲ್ಲ. ಆದರೂ ಆ ಹಣೆಪಟ್ಟಿಯ ದೆಸೆಯಿಂದ ಅವರಿಗೆ ಒಳ್ಳೆಯ ಔಷಧ ತಪ್ಪಿ, ಹೆಚ್ಚು ತೊಂದರೆಯ ಬೇರೆ ಔಷಧ ಸಿಗುತ್ತಿರುತ್ತದೆ. ಹಾಗಂತ ನೀವೇ ತಗೊಂಡು ಪರೀಕ್ಷೆ ಮಾಡಿಕೊಳ್ಳಬೇಡಿ. ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಅಂತ ಡಾಕ್ಟರಿಗೆ ಹೇಳಿ, ಅದು ಅಲರ್ಜಿಯೋ ಅಲ್ಲವೋ ಅವರು ತೀರ್ಮಾನಿಸಲಿ.

ಔಷಧದ ಹಾಫ್ ಲೈಫ್ ಅಂದರೆ ಏನು? ಎಕ್ಸ್‌ಪೈರಿಗೂ ಅದಕ್ಕೂ ಸಂಬಂಧ ಇದೆಯಾ?

ಎಕ್ಸ್‌ಪೈರಿ ಡಬ್ಬಿಯಲ್ಲಿರುವ ಔಷಧದ್ದು, ಹಾಫ್ ಲೈಫ್ ಮೈಯೊಳಗೆ ಹೋದ ಔಷಧದ್ದು. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ ಅದು. ಪ್ಯಾರಾಸಿಟಮಾಲ್‌ಗೆ ಸುಮಾರು 2ರಿಂದ 3 ಗಂಟೆ. ಅದಕ್ಕೇ ಅದರ ಪ್ರಭಾವ ಬೇಗ ಇಳಿಯುತ್ತದೆ. ಐದು ಹಾಫ್ ಲೈಫ್ ಕಳೆದರೆ ಉಳಿಯುವುದು ಸುಮಾರು 3% ಮಾತ್ರ. ದಿನಾ ತಗೊಳ್ಳುವ ಔಷಧ ಮೈಯಲ್ಲಿ ಒಂದು ಸ್ಥಿರ ಮಟ್ಟಕ್ಕೆ ಬರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಲಿವೋಥೈರಾಕ್ಸಿನ್‌ನ ಹಾಫ್ ಲೈಫ್ ಸುಮಾರು 7 ದಿನ. ಹಾಗಾಗಿ ಡೋಸ್ ಬದಲಿಸಿದ ಮೇಲೆ ಹೊಸ ಮಟ್ಟ ನಿಲ್ಲಲು ಐದು ವಾರದಷ್ಟು ಹಿಡಿಯುತ್ತದೆ. "ಆರು ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಮಾಡಿಸಿಕೊಂಡು ಬನ್ನಿ" ಅಂತ ಡಾಕ್ಟರ್ ಹೇಳುವುದು ಇದೇ ಲೆಕ್ಕದ ಮೇಲೆ. ಹತ್ತು ದಿನಕ್ಕೇ ಆತುರಪಟ್ಟು ಮಾಡಿಸಿದ ರಿಪೋರ್ಟ್ ಹಳೆ ಡೋಸನ್ನೂ ತೋರಿಸುವುದಿಲ್ಲ, ಹೊಸದನ್ನೂ ತೋರಿಸುವುದಿಲ್ಲ.